ಅರ್ಧಕ್ಕೆ ನಿಂತ ಹೊಲ

ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮೊದಲ ಯುಗಾದಿಯ ಬೆಳಗ್ಗೆ ಹಿತ್ತಲ ಬಾಗಿಲು ತೆಗೆದು ನೋಡಿದರೆ ನಮ್ಮ ಹೊಲ ಅಲ್ಲಿರಲಿಲ್ಲ. ಹಿಂದಿನ ಸಂಜೆ ಅಲ್ಲಿ ಜೋಳದ ಕೂಳೆ ನಿಂತ ಕಪ್ಪು ನೆಲವಿತ್ತು. ಈಗ ಕೆಂಪು ನೆಲ ಬಂದು ಕೂತಿತ್ತು, ನಡುವೆ ಒಂದು ದೊಡ್ಡ ಹುಣಸೆಮರವನ್ನೂ ಕರೆದುಕೊಂಡು. ನಾನು ಕಣ್ಣುಜ್ಜಿಕೊಂಡು ಹೆಂಡತಿಯನ್ನು ಕೂಗಿದೆ. ಬೇವು ಬೆಲ್ಲ ಕಲಸುತ್ತಿದ್ದ ಹಾಲಮ್ಮ ಎದ್ದು ಬಂದು ನನ್ನ ಭುಜದ ಪಕ್ಕದಿಂದ ಇಣುಕಿದಳು.

"ಅದು ಹುಣಸೆ ಹೊಲ. ನಿನ್ನೆ ತನಕ ಕೆಂಚವೀರಜ್ಜನ ಮನೆ ಹಿಂದೆ ಇತ್ತು, ಇವತ್ತಿಂದ ನಮ್ದು. ನಮ್ದು ಅಣ್ಣನ ಮನೆ ಹಿಂದಕ್ಕೆ ಹೋಗೈತೆ. ನಿಮಗೆ ಹೇಳೋದೇ ಮರೆತಿದ್ದೆ," ಎಂದು ಮತ್ತೆ ಒಳಗೆ ಹೋದಳು.

ಈ ಊರಿನ ಪೇಟೆ ಎಲ್ಲ ಊರುಗಳ ಪೇಟೆಯಂತೆಯೇ ಇದೆ. ಅಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಪೇಟೆ ದಾಟಿದರೆ ಕೆರೆ, ಕೆರೆಯ ಸುತ್ತ ಬಳೆಯ ಹಾಗೆ ಒಂಬತ್ತು ಮನೆ, ಪ್ರತಿ ಮನೆಯ ಹಿಂದೆ ಒಂದು ಹೊಲ. ವರ್ಷಕ್ಕೊಮ್ಮೆ ಯುಗಾದಿಯ ನಸುಕಿನಲ್ಲಿ ಹೊಲಗಳು ಒಂದೊಂದು ಮನೆ ಮುಂದಕ್ಕೆ ಸರಿಯುತ್ತವೆ. ಮನೆಗಳು, ಬಾವಿಗಳು, ದನದ ಕೊಟ್ಟಿಗೆಗಳು ಇದ್ದಲ್ಲೇ ಇರುತ್ತವೆ. ಯಾಕೆ ಎಂದು ನಾನು ಮೊದಲ ವರ್ಷ ಕೇಳಿದ್ದೆ. ಮಳೆ ಯಾಕೆ ಬರುತ್ತದೆ ಎಂದು ಕೇಳಿದವನನ್ನು ನೋಡುವಂತೆ ನನ್ನನ್ನು ನೋಡಿದರು. ಆಮೇಲೆ ನಾನೂ ಹೊಂದಿಕೊಂಡೆ. ಹಬ್ಬದ ಹಿಂದಿನ ಸಂಜೆ ಕುಡುಗೋಲು, ಗುದ್ದಲಿ, ಪೈಪು ಎಲ್ಲ ಒಳಗೆ ತರಬೇಕು. ಎಮ್ಮೆಯನ್ನು ಹೊಲದಲ್ಲಿ ಕಟ್ಟಬಾರದು, ಕಟ್ಟಿದರೆ ಬೆಳಗ್ಗೆ ಪಕ್ಕದ ಮನೆಯವರು ಹಾಲು ಕರೆದು ಮುಗಿಸಿರುತ್ತಾರೆ. ಬದುವಿನ ಮೂಲೆಯಲ್ಲಿ ಒಂದಿಷ್ಟು ಸೊಪ್ಪೋ, ಒಂದು ಕುಪ್ಪೆ ಗೊಬ್ಬರವೋ, ಮುಂದೆ ಬರುವವರಿಗೆ ಬಿಟ್ಟುಕೊಡಬೇಕು. ಇನ್ನೊಂದು ಕಟ್ಟಳೆ ಇತ್ತು, ಅದು ಎಲ್ಲಕ್ಕಿಂತ ದೊಡ್ಡದು. ಬಂದ ಹೊಲದ ಮೇಲೆ ದೂರು ಹೇಳಬಾರದು. ಕಲ್ಲಿರಲಿ, ಗರಿಕೆ ಇರಲಿ, ಕೊಟ್ಟವರ ಹೆಸರೆತ್ತಬಾರದು.

ಹಾಲಮ್ಮನಿಗೆ ಯಾವುದನ್ನೂ ಬಿಚ್ಚಿ ನೋಡದೆ ಸಮಾಧಾನವಿಲ್ಲ. ನನ್ನ ಅವಳ ಪರಿಚಯವಾದದ್ದೇ ಹಾಗೆ. ಸಂತೆಯ ದಿನ ರವಿಕೆ ಹೊಲಿಸಲು ಬಂದವಳು, ಮಷೀನಿನ ಕೆಳಗಿನ ದಾರ ಮೇಲಿನ ದಾರವನ್ನು ಹೇಗೆ ಹಿಡಿಯುತ್ತದೆ ತೋರಿಸಿ ಎಂದು ಕೂತಳು. ನಾನು ಮಷೀನನ್ನು ಮಗುಚಿ ತೋರಿಸಿದೆ. ಮದುವೆಯಾದ ಮೇಲೆ ಅವಳ ದೊಡ್ಡಮ್ಮ ಬಿಟ್ಟುಹೋದ ಮನೆಯಲ್ಲೇ ನಾವು ಉಳಿದೆವು, ಅವಳ ಅಣ್ಣ ಷಣ್ಮುಖಣ್ಣನ ಮನೆಯ ಪಕ್ಕದಲ್ಲಿ. ಹೊಲದ ಕೆಲಸ ಅವಳದು. ನಾನು ಅವಳು ಹೇಳಿದ್ದು ಮಾಡುವವನು.

ಹುಣಸೆ ಹೊಲ ನಮ್ಮ ಹಿಂದೆ ಬಂದ ವರ್ಷವೇ ಪೇಟೆಗೆ ಮಲ್ಚಿಂಗ್ ಶೀಟು ಬಂತು. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಉದ್ದ ಸುರುಳಿ. ಸಾಲಿನ ಮೇಲೆ ಹಾಸಿ, ಅಂಚಿಗೆ ಮಣ್ಣು ಎಳೆದು, ತೂತು ಮಾಡಿ ಸಸಿ ನೆಟ್ಟರೆ ಕಳೆ ಬರುವುದಿಲ್ಲ, ನೀರು ಆರುವುದಿಲ್ಲ. ಮಾರುವವನು ಹೇಳಿದ್ದು ಸುಳ್ಳಲ್ಲ. ಆ ವರ್ಷದ ಮೆಣಸಿನಕಾಯಿಯನ್ನು ನೋಡಲು ಪೇಟೆಯವರೂ ಬಂದಿದ್ದರು. ನಮ್ಮದು ಕಪ್ಪು ಶೀಟು. ಹಾಸುವಾಗ ಒಂದು ಕಡೆ ಉದ್ದಕ್ಕೆ ಸೀಳಿತ್ತು, ಹಾಲಮ್ಮ ಅದನ್ನು ಅಂಗಡಿಗೆ ಹೊತ್ತು ತಂದಳು. ನಾನು ಅದನ್ನು ಮಷೀನಿಗೆ ಕೊಟ್ಟು ಹಸಿರು ದಾರದಲ್ಲಿ ಹೊಲಿದುಕೊಟ್ಟೆ. ಬೆಳೆ ಮುಗಿಯುವಷ್ಟರಲ್ಲಿ ಬಿಸಿಲಿಗೆ ಶೀಟು ಹಪ್ಪಳವಾಗಿತ್ತು. ಕಿತ್ತರೆ ಹಿಡಿದಷ್ಟೇ ಕೈಗೆ ಬರುತ್ತಿತ್ತು, ಮಿಕ್ಕಿದ್ದು ಮಣ್ಣೊಳಗೇ ಉಳಿಯುತ್ತಿತ್ತು. ಬಂದಷ್ಟು ಆರಿಸಿ ಉಳಿದದ್ದರ ಮೇಲೆ ಟ್ರ್ಯಾಕ್ಟರ್ ಹೊಡೆಸಿದೆವು. ಶೀಟು ಹಾಸಿದವರೆಲ್ಲ ಹಾಗೇ ಮಾಡಿದರು.

ಮರುವರ್ಷ ಹುಣಸೆ ಹೊಲ ಷಣ್ಮುಖಣ್ಣನ ಹಿಂದಕ್ಕೆ ಹೋಯಿತು. ಹಬ್ಬವಾದ ಕೆಲವು ದಿನಗಳಿಗೆ ಒಂಬತ್ತು ಮನೆಯವರೂ ಕೆರೆ ಏರಿಯ ಮೇಲೆ ಒಟ್ಟಿಗೆ ಊಟಕ್ಕೆ ಕೂತಿದ್ದಾಗ ಅವನು ಎಲ್ಲರ ಎದುರು, ಸಣ್ಣ ದನಿಯಲ್ಲಿ, "ತಂಗಿ ಮನೆಯಿಂದ ಬಂದ ಹೊಲದಾಗೆ ಬರೀ ಚೂರು," ಎಂದ. ಕೆಂಚವೀರಜ್ಜ ಬಾಯಿಗಿಟ್ಟ ತುತ್ತನ್ನು ನುಂಗದೆ ಕೂತ. ಈ ಊರಿನಲ್ಲಿ ಯಾರೂ ಆಡದ ಮಾತು ಅದು, ಆಡಿದ್ದು ಒಡಹುಟ್ಟಿದ ಅಣ್ಣ. ಹಾಲಮ್ಮ ಎಲೆ ಮಡಚಿ ಎದ್ದಳು. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ. ಅವನ ಮನೆಯ ಒಗ್ಗರಣೆ ವಾಸನೆ ನಮ್ಮ ಪಡಸಾಲೆಗೆ ಬರುತ್ತಿತ್ತು, ಅವನ ಕೆಮ್ಮು ನಮಗೆ ಕೇಳುತ್ತಿತ್ತು, ಅಷ್ಟೇ. ಒಂದೆರಡು ವರ್ಷ ಕಳೆಯುವುದರೊಳಗೆ ಅವನೂ ಶೀಟು ಹಾಸತೊಡಗಿದ. ಹಾಸದಿದ್ದವರ ಮೆಣಸಿನಕಾಯಿಯನ್ನು ಪೇಟೆಯಲ್ಲಿ ಕೇಳುವವರೇ ಇರಲಿಲ್ಲ.

ಹುಣಸೆ ಹೊಲ ಊರೆಲ್ಲ ಸುತ್ತಿ ಮತ್ತೆ ನಮ್ಮ ಹಿಂದೆ ಬರುವ ಹೊತ್ತಿಗೆ ನನ್ನ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಹಾಲಮ್ಮನಿಗೆ ಖುಷಿಯೋ ಖುಷಿ. ಒಂಬತ್ತರಲ್ಲಿ ಅದೇ ಒಳ್ಳೆಯ ಹೊಲ, ಮಣ್ಣು ರವೆಯ ಹಾಗೆ ಕೈಯಿಂದ ಜಾರುತ್ತದೆ, ಗುದ್ದಲಿ ಹಾಕಿದರೆ ಎರೆಹುಳ ಹೊರಳುತ್ತವೆ ಎಂದು ಅವಳು ಯಾವಾಗಲೂ ಹೇಳುತ್ತಿದ್ದಳು. ಮಳೆ ಬಿತ್ತು, ಸಸಿ ನೆಟ್ಟಳು. ಹದಿನೈದು ದಿನ ಕಳೆದರೂ ಸಸಿಗಳು ನೆಟ್ಟ ದಿನ ಇದ್ದಷ್ಟೇ ಇದ್ದವು. ಹುಣಸೆಮರದ ಈಚೆಗೆ ನೀರು ಇಂಗದೆ ನಿಂತಿತ್ತು, ಆಚೆಗೆ ನಾಲ್ಕು ಮಾರು ದೂರದಲ್ಲಿ ಅದೇ ಮಳೆ ಬಿದ್ದ ನೆಲ ಒಣಗಿ ಬಿರುಕು ಬಿಟ್ಟಿತ್ತು.

"ಇದು ಕೆಂಪು ಮಣ್ಣು. ಇದರಾಗೆ ನೀರು ನಿಲ್ಲಬಾರದು. ಯಾಕೆ ನಿಂತೈತೆ?" ಎಂದಳು. ಅವಳ ದನಿಯಲ್ಲಿ ದುಃಖಕ್ಕಿಂತ ಕುತೂಹಲವೇ ಜಾಸ್ತಿ ಇತ್ತು. ನನಗದು ಗೊತ್ತಿದ್ದ ದನಿ. ಮಷೀನು ಮಗುಚಿಸಿದ ದನಿ.

ಅವಳು ಒಂದು ಸಸಿಯನ್ನು ಸುತ್ತಲಿನ ಮಣ್ಣಿನ ಸಮೇತ ಎತ್ತಿ, ಬಾವಿಕಟ್ಟೆಯ ಮೇಲಿಟ್ಟು, ಚೊಂಬಿನಿಂದ ನಿಧಾನವಾಗಿ ನೀರು ಬಿಟ್ಟಳು. ಬೇರು ಗೇಣುದ್ದ ಕೆಳಗಿಳಿದು, ಅಲ್ಲಿಂದ ಮೊಣಕೈ ಮಡಚಿದ ಹಾಗೆ ಪಕ್ಕಕ್ಕೆ ತಿರುಗಿತ್ತು. ಇನ್ನೊಂದು ಕಿತ್ತಳು. ಅದೂ ಹಾಗೆಯೇ. ಮೂರನೆಯದು ಕೆಳಗೆ ದಾರಿ ಸಿಗದೆ ಸುರುಳಿ ಸುತ್ತಿಕೊಂಡು ಕೂತಿತ್ತು. ಅವಳು ಆ ಸಸಿಯನ್ನು ನನ್ನ ಕೈಗೆ ಕೊಟ್ಟು, ಗುದ್ದಲಿ ತೆಗೆದುಕೊಂಡು ಹೋದಳು. ಅಂಗಡಿಗೆ ಹೋಗಬೇಕಾದವನು ನಾನೂ ಹಿಂದೆ ಹೋದೆ.

ಸಸಿ ಕಿತ್ತ ಗುಂಡಿಯನ್ನು ಅಗಲ ಮಾಡುತ್ತಾ ಹೋದ ಹಾಗೆ ಮಣ್ಣಿನ ಗೋಡೆಯಲ್ಲಿ ಅಡ್ಡಡ್ಡ ಗೆರೆಗಳು ಕಂಡವು, ಮಡಚಿಟ್ಟ ಸೀರೆಯ ಅಂಚುಗಳ ಹಾಗೆ. ಕಪ್ಪು ಶೀಟು, ಬೆಳ್ಳಿ ಬಣ್ಣದ್ದು, ಮತ್ತೆ ಕಪ್ಪು, ನೀಲಿ ಹುರಿಯ ಎಳೆ, ಹನಿ ನೀರಿನ ಪೈಪಿನ ಸಿಪ್ಪೆ. ಒಂದನ್ನು ಹಿಡಿದು ಎಳೆದರೆ ಅಂಗೈಯಗಲ ಬಂದು ಹರಿಯಿತು. ಅದರ ಮೇಲೆ ನೀರು ಕೂತಿತ್ತು, ಕೆಳಗೆ ಮಣ್ಣು ಹಿಟ್ಟಿನಂತೆ ಒಣಗಿತ್ತು. ಬೇರು ತಿರುಗಿದ್ದು ಅಲ್ಲೇ. ಎರೆಹುಳ ಹುಡುಕಿದಳು. ಮರದ ಬುಡದಲ್ಲಿ ಮಾತ್ರ ಒಂದು ಸಿಕ್ಕಿತು, ಸಣ್ಣದು, ಬಿಳಿಚಿಕೊಂಡಿತ್ತು. ಅದನ್ನು ಅಂಗೈ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದಳು.

"ನೀವು ಒಂದು ಕೆಲಸ ಮಾಡ್ರಿ. ಮನೆಯಿಂದ ಅಗಲದ ಬೋಗುಣಿ ತಗೊಂಡು ಬರ್ರಿ."

ಬೋಗುಣಿಯಲ್ಲಿ ನೀರು ತುಂಬಿ ಒಂದು ಬೊಗಸೆ ಮಣ್ಣು ಹಾಕಿ ಕಲಕಿದಳು. ಮಣ್ಣು ತಳಕ್ಕೆ ಹೋಯಿತು. ಮೇಲೆ ನೊಣದ ರೆಕ್ಕೆಯಂಥ ಚೂರುಗಳು ತೇಲಿದವು. ಬೆರಳಿನಿಂದ ಒತ್ತಿದರೆ ಅವು ಇನ್ನೂ ಸಣ್ಣ ಚೂರಾದವು. "ಇದಕ್ಕೆ ಕೊನೆ ಐತೋ ಇಲ್ವೋ?" ಎಂದು ತನಗೆ ತಾನೇ ಕೇಳಿಕೊಂಡಳು.

ಅವಳು ನೆಟ್ಟ ಸಸಿಗಳನ್ನೆಲ್ಲ ಕಿತ್ತುಹಾಕಿ ಅರ್ಧ ಹೊಲ ಬಿತ್ತದೆ ಬಿಟ್ಟು ಅಗೆಯತೊಡಗಿದಳು. ಇನ್ನರ್ಧದಲ್ಲಿ ಹುರುಳಿ ಚೆಲ್ಲಿದಳು, ಅದು ಹೇಗೋ ಬಂತು. ನಾನು ಹಳೆಯ ಸೊಳ್ಳೆಪರದೆ ಕತ್ತರಿಸಿ, ಮರದ ಚೌಕಟ್ಟಿಗೆ ಹೊಡೆದು ಜರಡಿ ಮಾಡಿಕೊಟ್ಟೆ. ದೊಡ್ಡ ಚೂರು ಚೀಲಕ್ಕೆ ಹೋಗುತ್ತಿತ್ತು, ಸಣ್ಣದು ಜರಡಿಗೆ ಸಿಗುತ್ತಿತ್ತು, ಅದಕ್ಕಿಂತ ಸಣ್ಣದು ಮಣ್ಣಿನ ಜೊತೆ ಮತ್ತೆ ಕೆಳಗೆ ಬೀಳುತ್ತಿತ್ತು. ಕೆಂಚವೀರಜ್ಜ ಒಂದು ದಿನ ಕೋಲೂರಿಕೊಂಡು ಬಂದು ಬದುವಿನ ಮೇಲೆ ಕೂತ. ಹೊಲ ಬಂದದ್ದು ಅವನ ಮನೆಯಿಂದ, ಹಾಗಾಗಿ ಅವನಿಗೆ ಮುಜುಗರವಿತ್ತು.

"ಯಾಕವ್ವಾ ಇಷ್ಟು ಕಷ್ಟ? ಯುಗಾದಿಗೆ ಹೋಗ್ತೈತಲ್ಲ," ಎಂದ.

"ಎಲ್ಲಿಗೆ ಹೋಗ್ತೈತೆ ಅಜ್ಜ?" ಎಂದಳು ಹಾಲಮ್ಮ. ಕೊಂಕಿಲ್ಲದೆ, ನಿಜವಾಗಿಯೂ ಕೇಳುವವಳ ಹಾಗೆ ಕೇಳಿದಳು. ಅಜ್ಜ ಷಣ್ಮುಖಣ್ಣನ ಮನೆ ಕಡೆ ನೋಡಿದ. "ನಿಮಗೂ ಹೊಸದೇನೂ ಬರಲ್ಲ. ನನ್ನ ಹಿಂದೆ ಇರೋದೂ ಇಂಥದ್ದೇ," ಎಂದು ಹೇಳಿ ಎದ್ದುಹೋದ. ಅವನ ಆಯುಷ್ಯದಲ್ಲಿ ಹೊಲದ ಬಗ್ಗೆ ಅವನು ಆಡಿದ ಮೊದಲ ಕೆಟ್ಟ ಮಾತು ಅದೇ ಇರಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ ಹುಣಸೆಮರದ ಬುಡದ ಹತ್ತಿರ ಒಂದು ಕಪ್ಪು ತುಂಡು ಸಿಕ್ಕಿತು. ಹಾಲಮ್ಮ ಅದನ್ನು ನೀರಿನಲ್ಲಿ ಅದ್ದಿ ಒರೆಸಿ, ಅಂಗಡಿಗೆ ತಂದು, ನಾನು ಹೊಲಿಯುತ್ತಿದ್ದ ಲಂಗದ ಮೇಲಿಟ್ಟಳು. ಅದರ ನಡುವೆ ನೇರವಾದ ಹೊಲಿಗೆ ಇತ್ತು. ದಾರದ ಹಸಿರು ಒಂದು ಚೂರೂ ಮಾಸಿರಲಿಲ್ಲ. ಶೀಟು ಸುತ್ತಲೂ ಪುಡಿಯಾಗಿತ್ತು, ನನ್ನ ಹೊಲಿಗೆ ಮಾತ್ರ ಗಟ್ಟಿಯಾಗಿ ಹಾಗೇ ಇತ್ತು. ನನಗೆ ಹೆಮ್ಮೆಪಡಬೇಕೋ ಬೇಡವೋ ತಿಳಿಯಲಿಲ್ಲ.

"ಅಣ್ಣ ಸುಳ್ಳು ಹೇಳಿರಲಿಲ್ಲ," ಎಂದಳು. ಸ್ಟೂಲಿನ ಮೇಲೆ ಕೂತು, ಆ ತುಂಡನ್ನು ಮಡಚಿ ಬಿಚ್ಚಿ ಮಾಡಿದಳು. "ಬರೀ ಚೂರು ಅಂದ. ಚೂರೇ ಇತ್ತು. ನಾನು ಅವತ್ತೇ ಹೋಗಿ ಒಂದು ಗುಂಡಿ ತೋಡಿ ನೋಡಿದ್ರೆ ಆಗ್ತಿತ್ತು. ಎಲ್ಲಾನೂ ಬಿಚ್ಚಿ ನೋಡೋಳು, ಅದೊಂದನ್ನ ನೋಡಲಿಲ್ಲ."

"ಈಗ ಹೋಗಿ ಹೇಳು."

"ಎಂಟು ವರ್ಷ ಆದ್ಮೇಲೆ ಏನಂತ ಹೋಗಲಿ? ಹೊಲ ಹೋಗ್ತೈತಲ್ಲ, ಚೊಕ್ಕ ಮಾಡಿ ಕಳಿಸ್ತೀನಿ. ಅವನಿಗೇ ಗೊತ್ತಾಗ್ತೈತೆ."

ಆದರೆ ಚೊಕ್ಕವಾಗಲಿಲ್ಲ. ಚಳಿಗಾಲವೆಲ್ಲ ಅಗೆದರೂ ಮುಕ್ಕಾಲು ಹೊಲ ಹಾಗೇ ಇತ್ತು. ಯುಗಾದಿಯ ಹಿಂದಿನ ಸಂಜೆ ಜರಡಿ, ಗುದ್ದಲಿ ಒಳಗೆ ತಂದಿಟ್ಟು ಅವಳು ಹುಣಸೆಮರವನ್ನು ನೋಡುತ್ತಾ ಬಾಗಿಲಲ್ಲಿ ನಿಂತಿದ್ದಳು.

ಬೆಳಗ್ಗೆ ಬಾಗಿಲು ತೆಗೆದಾಗ ಹೊಸ್ತಿಲ ನೇರಕ್ಕೆ ಒಂದು ಬದು ಇತ್ತು. ಬದುವಿನ ಬಲಕ್ಕೆ ಕೆಂಚವೀರಜ್ಜನ ಕಡೆಯಿಂದ ಬಂದ ಬೂದು ಮಣ್ಣು, ಎಡಕ್ಕೆ ನಮ್ಮ ಕೆಂಪು ಮಣ್ಣು. ಹುಣಸೆಮರ ನಮ್ಮ ಮನೆಗೂ ಷಣ್ಮುಖಣ್ಣನ ಮನೆಗೂ ಸರಿಯಾಗಿ ನಡುವೆ ನಿಂತಿತ್ತು. ಹೊಲಗಳು ಅರ್ಧ ದಾರಿ ಬಂದು ನಿಂತುಬಿಟ್ಟಿದ್ದವು. ನಮ್ಮದಷ್ಟೇ ಅಲ್ಲ, ಒಂಬತ್ತೂ.

ಆ ದಿನ ಯಾರಿಗೂ ಹಬ್ಬ ರುಚಿಸಲಿಲ್ಲ. ಏರಿಯ ಮೇಲೆ ಸೇರಿ ಮಾತಾಡಿದರು. ಸಂಜೆಯೊಳಗೆ ಸರಿಯಬಹುದು ಎಂದರು, ಸರಿಯಲಿಲ್ಲ. ಮಾರನೆಯ ದಿನ ನೋಡೋಣ ಎಂದರು. ವಾರ ಕಳೆಯಿತು. ಯಾವ ಅರ್ಧ ಯಾರದು ಎಂದು ತಿಳಿಯದೆ ಯಾರೂ ನೇಗಿಲು ಹೂಡಲಿಲ್ಲ. ಪಕ್ಕದ ಮನೆಯವರ ಕಾಲು ತಮ್ಮ ಅರ್ಧಕ್ಕೆ ಬಿದ್ದರೆ ಕಣ್ಣು ಕೆಂಪಾಗುತ್ತಿತ್ತು. ಪೇಟೆಯವರು ನೋಡಲು ಬಂದು, ನಮಗೆ ಮೊದಲಿಂದಲೂ ಹೊಲ ಸರಿಯುತ್ತದೆ ಎಂದೇ ನಂಬಿಕೆ ಇರಲಿಲ್ಲ ಎಂದು ಹೇಳಿ ಹೋದರು. ಮೊದಲ ಮಳೆಗೆ ಮುಂಚೆ ಸರಿಯದಿದ್ದರೆ ಒಂಬತ್ತು ಮನೆಗೂ ಆ ವರ್ಷ ಬಿತ್ತನೆ ಇಲ್ಲ. ಕೆಂಚವೀರಜ್ಜ ಊಟ ಬಿಟ್ಟ ಎಂದು ಸುದ್ದಿ ಬಂತು.

ಹಾಲಮ್ಮ ಮಾತ್ರ ಹೊಸ್ತಿಲಲ್ಲಿ ಕೂತು ಆ ಬದುವನ್ನೇ ನೋಡುತ್ತಿದ್ದಳು. ಒಂದು ಬೆಳಗ್ಗೆ ಎದ್ದು ಬದುವಿನ ಬುಡಕ್ಕೆ ಗುದ್ದಲಿ ಹಾಕಿದಳು. ಒಂದು ಮೊಳ ಕೆಳಗೆ ಕಾರಣ ಸಿಕ್ಕಿತು. ಈಚೆ ಹೊಲದ ಶೀಟು, ಆಚೆ ಹೊಲದ ಶೀಟು, ಪೈಪು, ಹುರಿ ಎಲ್ಲ ಬದುವಿನ ಅಡಿಯಲ್ಲಿ ಜಡೆಗಟ್ಟಿದ ಕೂದಲಿನಂತೆ ಹೆಣೆದುಕೊಂಡಿದ್ದವು. ಹೊಲ ಮುಂದೆ ಹೋಗಲು ಜಗ್ಗಿದ್ದಕ್ಕೆ ಅವು ಬಿಗಿದು ಹಗ್ಗವಾಗಿದ್ದವು. ಕೆಳಗೆ ಕದಲದ ಗಟ್ಟಿ ನೆಲಕ್ಕೂ ಅಂಟಿಕೊಂಡಿದ್ದವು. ಹಾಲಮ್ಮ ಅದನ್ನು ತಂಬೂರಿ ತಂತಿಯಂತೆ ಮೀಟಿ ನೋಡಿದಳು.

ಅವಳು ಕರೆದು ತೋರಿಸಿದ ಮೇಲೆ ಎಲ್ಲರೂ ತಮ್ಮ ತಮ್ಮ ಬದು ಅಗೆದರು. ಎಲ್ಲೆಡೆ ಅದೇ ಇತ್ತು. ಬಿಡಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ, ಒಂದು ಬದುವಿಗೆ ಎರಡು ಮನೆಯವರು ಬೇಕು. ನಮ್ಮ ಬಲಗಡೆ ಕೆಂಚವೀರಜ್ಜನ ಮಕ್ಕಳು ಬಂದರು. ಎಡಗಡೆ, ಹುಣಸೆ ಹೊಲದ ಆಚೆ ಬದುವಿಗೆ, ಷಣ್ಮುಖಣ್ಣ ಹಾರೆ ಹಿಡಿದು ಬಂದ. ಬಂದವನು ನಮ್ಮ ಕಡೆ ತಿರುಗದೆ ಅಗೆಯಲು ಶುರು ಮಾಡಿದ. ಹಾಲಮ್ಮ ಹೋಗಿ ಬದುವಿನ ಈಚೆಗೆ ಕೂತಳು. ನಾನು ಚೀಲ ಹಿಡಿದು ನಿಂತೆ. ಅವಳು ಒಂದು ಬೆಳ್ಳಿ ಶೀಟಿನ ತುದಿ ಹಿಡಿದು ಜಗ್ಗಿದಳು. ಅದು ಬರಲಿಲ್ಲ. ಮತ್ತೆ ಜಗ್ಗಿದಳು. ಆಗ ಅದು ಅವಳ ಕೈಯನ್ನೂ ಎಳೆದುಕೊಂಡು ಹಿಂದಕ್ಕೆ ಹೋಯಿತು. ಇನ್ನೊಂದು ತುದಿ ಅವನ ಕೈಯಲ್ಲಿತ್ತು.

"ಜಗ್ಗಬ್ಯಾಡ," ಎಂದ ಷಣ್ಮುಖಣ್ಣ. "ಹರಿದ್ರೆ ಚೂರಾಗ್ತೈತೆ. ಸಡಿಲ ಬಿಡು, ನಾನು ಕೆಳಗಿನ ಮಣ್ಣು ಬಿಡಿಸ್ತೀನಿ."

ಅವಳು ಸಡಿಲ ಬಿಟ್ಟಳು. ಅವನು ಹಾರೆ ಬದಿಗಿಟ್ಟು ಕೈಯಿಂದಲೇ ಮಣ್ಣು ಕೆರೆದ. ಶೀಟು ಹರಿಯದೆ ಸೀರೆಯಷ್ಟು ಉದ್ದ ಹೊರಗೆ ಬಂತು. ಇಬ್ಬರೂ ಅದನ್ನು ಎರಡು ಕಡೆ ಹಿಡಿದು, ಒಣಗಿದ ಬಟ್ಟೆ ಮಡಚುವ ಹಾಗೆ ಹತ್ತಿರ ಬರುತ್ತಾ ಮಡಚಿದರು. ಹತ್ತಿರ ಬಂದಾಗ ಹಾಲಮ್ಮ, "ಹಸಿರು ದಾರದ ತುಂಡು ಸಿಕ್ತು ಅಣ್ಣ. ನಮ್ಮ ಶೀಟಿಂದು," ಎಂದಳು.

ಅವನು ಮಡಿಕೆಯ ಮೇಲೆ ಕೈಯಾಡಿಸಿದ. ಆಮೇಲೆ, "ಇದು ನಂದು. ಈ ಬೆಳ್ಳಿದು," ಎಂದ. ಅಷ್ಟು ಹೇಳಿ ಮುಂದಿನ ಶೀಟಿಗೆ ಬಗ್ಗಿದ.

ಎಲ್ಲ ಬದುಗಳನ್ನೂ ಬಿಡಿಸುವ ಹೊತ್ತಿಗೆ ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು. ತೆಗೆದದ್ದನ್ನೆಲ್ಲ ಏರಿಯ ಕೆಳಗೆ ರಾಶಿ ಹಾಕಿದೆವು, ಮನೆಯಷ್ಟು ಎತ್ತರವಾಯಿತು. ಸುಟ್ಟರೆ ಹೊಗೆ, ಹೂತರೆ ಮತ್ತೆ ಅದೇ ಕಥೆ. ಅದನ್ನೇನು ಮಾಡಬೇಕು ಎಂದು ಇವತ್ತಿಗೂ ನಮಗೆ ಸರಿಯಾಗಿ ತಿಳಿದಿಲ್ಲ. ಹೊಲದೊಳಗಿನ ಚೂರುಗಳಂತೂ ಇದ್ದೇ ಇದ್ದವು. ಆ ವರ್ಷ ಒಣಹುಲ್ಲು ಹಾಸೋಣ, ಶೀಟು ತಂದವರು ಅದನ್ನು ಚೂರಾಗುವ ಮೊದಲೇ ಎತ್ತಲಿ ಎಂದು ಮಾತಾಯಿತು. ಕೆಲವರು ತಲೆಯಾಡಿಸಿದರು, ಕೆಲವರು ಕೆರೆಯ ನೀರು ನೋಡಿದರು.

ಮೊದಲ ಮಳೆ ಹೊಡೆದ ಮರುದಿನ, ನಡುಮಧ್ಯಾಹ್ನ, ನಾನು ಊಟಕ್ಕೆ ಮನೆಗೆ ಬಂದಿದ್ದೆ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹಾಲಮ್ಮ ಕೂಗಿದಳು. ಹೋಗಿ ನೋಡಿದರೆ ಹೊಸ್ತಿಲ ನೇರಕ್ಕಿದ್ದ ಬದು ಒಂದು ಗೇಣು ಆಚೆಗಿತ್ತು. ನೋಡುತ್ತಿದ್ದ ಹಾಗೇ ಇನ್ನೂ ಒಂದು ಗೇಣು ಹೋಯಿತು. ಸದ್ದೇ ಇರಲಿಲ್ಲ. ಹಸಿ ಮಣ್ಣಿನ ವಾಸನೆ ಮಾತ್ರ ಒಮ್ಮೆಗೇ ಎದ್ದಿತು. ಬೂದು ಹೊಲ ನಮ್ಮ ಕಡೆ ಬರುತ್ತಿತ್ತು, ಹುಣಸೆ ಹೊಲ ದೂರ ಹೋಗುತ್ತಿತ್ತು, ತುಂಬಿದ ಗಾಡಿಯನ್ನು ಎತ್ತುಗಳು ಎಳೆಯುವಷ್ಟು ನಿಧಾನ. ಅಕ್ಕಪಕ್ಕದ ಹಿತ್ತಲುಗಳಲ್ಲಿ ಒಬ್ಬೊಬ್ಬರೇ ಬಂದು ನಿಂತರು.

ಹಾಲಮ್ಮ ಕೈಯಲ್ಲಿದ್ದ ಚೊಂಬು ಕೆಳಗಿಟ್ಟು ಚಪ್ಪಲಿ ಬಿಟ್ಟಳು. ನಾನು ಏನು ಮಾಡುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಹೋಗಿ ಹುಣಸೆ ಹೊಲದ ಅಂಚಿಗೆ ಕಾಲಿಟ್ಟಳು. ಮೊದಲು ಸ್ವಲ್ಪ ತೂರಾಡಿ, ಸೀರೆ ಎತ್ತಿ ಸಿಕ್ಕಿಸಿಕೊಂಡು, ನೇರ ನಿಂತಳು. ಬಗ್ಗಿ ಅಂಗೈಯನ್ನು ಮಣ್ಣಿಗೆ ಒತ್ತಿ ಅದು ಹೇಗೆ ಹೋಗುತ್ತಿದೆ ಎಂದು ಮುಟ್ಟಿ ನೋಡಿದಳು. ನನ್ನ ಕಡೆ ತಿರುಗಿ, "ಕೆಳಗೆ ನಡುಗ್ತೈತೆ ಕಣ್ರೀ, ದನದ ಮೈ ನಡುಗಿದಂಗೆ," ಎಂದಳು. ಹೊಲ ಅವಳನ್ನು ಹೊತ್ತುಕೊಂಡು ಹೋಯಿತು.

ಷಣ್ಮುಖಣ್ಣನ ಹಿತ್ತಲ ಬಾಗಿಲಲ್ಲಿ ಅವನ ಹೆಂಡತಿ ಲೋಕಮ್ಮ ನಿಂತಿದ್ದಳು. ನಾದಿನಿ ಹೊಲದ ಮೇಲೆ ನಿಂತು ತನ್ನ ಮನೆಗೆ ಬರುವುದನ್ನು ಅವಳು ಸೆರಗು ಬಾಯಿಗೆ ಹಿಡಿದು ನೋಡುತ್ತಿದ್ದಳು. ಬದು ಅವರ ಮೆಟ್ಟಿಲಿನ ಪಕ್ಕಕ್ಕೆ ಬಂದು ನಿಂತಿತು. ಹಾಲಮ್ಮ ಇಳಿಯಲಿಲ್ಲ. ಒಂದು ಹೆಜ್ಜೆ ಉಳಿದಿತ್ತು, ಅದು ಅವಳೇ ಇಡಬೇಕಾದದ್ದು.

"ಅಲ್ಲೇ ನಿಂತಿರ್ತೀಯಾ?" ಎಂದಳು ಲೋಕಮ್ಮ. "ಕಾಲು ತೊಳಕೊಂಡು ಬಾ. ಅನ್ನ ಆರ್ತೈತೆ."

ನಾನು ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಬೀದಿ ಕಡೆಯಿಂದ ಹೋಗಿ ಅವರ ಮುಂಬಾಗಿಲಿಂದ ಒಳಗೆ ಹೋದೆ. ಅಷ್ಟರಲ್ಲಿ ಅವಳು ಅಣ್ಣನ ಎದುರು ಎಲೆ ಹಾಕಿಸಿಕೊಂಡು ಕೂತಿದ್ದಳು. ಲೋಕಮ್ಮ ನನಗೂ ಮಣೆ ಹಾಕಿದಳು. ಯಾರೂ ಹಳೆಯದನ್ನು ಎತ್ತಲಿಲ್ಲ. ಎರಡನೆಯ ಸಲ ಸಾರು ಹಾಕಿಸಿಕೊಂಡ ಮೇಲೆ ಹಾಲಮ್ಮ ಬಾಯಿಯಲ್ಲಿ ತುತ್ತಿರುವಾಗಲೇ ಕೇಳಿದಳು.

"ಅಣ್ಣಾ, ಹೋದ ವರ್ಷ ನಿನ್ನ ಹಿಂದೆ ಇತ್ತಲ್ಲ ಹೊಲ, ಅದರಾಗೂ ನೀರು ನಿಲ್ತಿತ್ತಾ?"

ಷಣ್ಮುಖಣ್ಣ ತಂಗಿಯ ಮುಖ ನೋಡಿದ. "ನಿಲ್ತಿತ್ತು," ಎಂದ. "ತುಂಬಾ ಕೆಟ್ಟಿತ್ತು ಆ ಹೊಲ. ನಿನ್ನ ಮನೆಯಿಂದಲೇ ಬಂದಿದ್ದು. ಊಟ ಆಗಲಿ, ಎಲ್ಲೆಲ್ಲಿ ಅಂತ ಪೂರ್ತಿ ಹೇಳ್ತೀನಿ."

"ಹೇಳು," ಎಂದು ಹಾಲಮ್ಮ ಎಲೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.